ಮೋರಿಯ ಅಳತೆಗೋಲು

ಶಾಲೆಯ ಮಣ್ಣಿನ ಅಂಗಳಕ್ಕೆ ಕಾಂಕ್ರೀಟು ಹಾಕಿದ ಮೇಲೆ, ಅಲ್ಲಿಂದ ಎಷ್ಟು ಮಳೆನೀರು ಹರಿದು ಹೋಗುತ್ತದೆಂದು ತಿಳಿಯಲು ಮೋರಿಯಲ್ಲಿ ಮರದ ಅಳತೆಗೋಲೊಂದನ್ನು ನಿಲ್ಲಿಸಿದ್ದರು. ಅದರ ಬುಡಕ್ಕೆ ಕಬ್ಬಿಣದ ತೂಕವಿತ್ತು. ಮೋರಿಯ ಗೋಡೆಯ ಬಿಲದಲ್ಲಿ ಬಾಣಂತಿ ಹೆಗ್ಗಣವೊಂದು ಐದು ಮರಿಗಳೊಡನೆ ವಾಸವಾಗಿತ್ತು.

ಮೊದಲ ಮಳೆ ಸುರಿಯಿತು. ಮಣ್ಣಾಗಿದ್ದರೆ ಒಂದಿಷ್ಟು ಕುಡಿಯುತ್ತಿತ್ತು. ಕಾಂಕ್ರೀಟು ಎಲ್ಲವನ್ನೂ ಮೋರಿಗೆ ತಳ್ಳಿತು. ಹೆಗ್ಗಣ ಬಿಲದಿಂದ ತಲೆ ಹೊರಹಾಕಿತು.

"ಕೋಲಪ್ಪನವರೇ, ನೀರು ಏರುತ್ತಿದೆಯೇ? ಮರಿಗಳನ್ನು ಸಾಗಿಸಲೇ?"

"ಒಂದಡಿ. ಗಾಬರಿ ಅಶಿಸ್ತಿನ ಲಕ್ಷಣ, ತಾಯಿ. ನಾನು ಹೇಳುವ ತನಕ ಕದಲಬೇಡಿ."

ಸ್ವಲ್ಪ ಹೊತ್ತಿಗೆ ಬಿಲದೊಳಗೆ ನೀರು ನುಗ್ಗಿ ಹೆಗ್ಗಣದ ಬಾಲ ಒದ್ದೆಯಾಯಿತು. "ಈಗ?"

"ಈಗಲೂ ಒಂದೇ ಅಡಿ!"

ಕೋಲಿನ ಮಾತು ಕೋಲಿಗೇ ಇರಲಿ ಎಂದುಕೊಂಡ ಹೆಗ್ಗಣ, ಮರಿಗಳನ್ನು ಒಂದೊಂದಾಗಿ ಕಚ್ಚಿಕೊಂಡು ಗೋಡೆಯ ತುದಿಗೆ ಸಾಗಿಸಿತು. ಐದನೆಯದನ್ನು ಇಳಿಸುವಷ್ಟರಲ್ಲಿ, ಆಗಲೇ ನೆಲ ಬಿಟ್ಟಿದ್ದ ಕೋಲು, ಬುಡದ ತೂಕದಿಂದ ನೆಟ್ಟಗೆ ನಿಂತುಕೊಂಡೇ ತೇಲುತ್ತ ಹೆಗ್ಗಣದ ಮೂಗಿನ ಮುಂದೆ ಬಂತು.

"ಕೂದಲೆಳೆಯಷ್ಟೂ ಹೆಚ್ಚಿಲ್ಲ, ಒಂದೇ ಅಡಿ! ಸುಮ್ಮನೆ ಓಡಿದಿರಿ."

"ಹಾಗಾದರೆ ತಾವು ಇಷ್ಟೆತ್ತರಕ್ಕೆ ಹೇಗೆ ಬಂದಿರಿ, ಸ್ವಾಮಿ?"

"ಅದನ್ನು ಅಳೆಯಲು ನನ್ನನ್ನು ನೇಮಿಸಿಲ್ಲ," ಎಂದ ಕೋಲು, ಬಹು ಗಂಭೀರವಾಗಿ ಕೆರೆಯ ಕಡೆಗೆ ಹೊರಟುಹೋಯಿತು.