ಬಲ್ಲವರ ಸಾಕ್ಷಿ

ಉಗಾಂಡದ ಒಂದು ಹಳ್ಳಿಸಂತೆಯಲ್ಲಿ ಲಾಮುನು ಎಂಬ ವಿಧವೆ ಎಳ್ಳು ಮಾರುತ್ತಿದ್ದಳು. ಅವಳಿಗೆ ಹಿಂದೆ ಮುಂದೆ ಯಾರೂ ಇರಲಿಲ್ಲ. ಅವಳು ಕೂರುವ ಮರದ ನೆರಳಿನ ಮೇಲೆ ಸಂತೆಯ ಮೇಲ್ವಿಚಾರಕ ಒಕೆಚ್‌ನ ಕಣ್ಣು ಬಿತ್ತು. ಅವನಿಗೆ ಆ ಜಾಗವನ್ನು ತನ್ನ ಭಾವಮೈದುನನಿಗೆ ಕೊಡಿಸಬೇಕಿತ್ತು. ಗುಮಾಸ್ತನನ್ನು ಕರೆದುಕೊಂಡು ಬಂದು, ಎಲ್ಲರಿಗೂ ಕೇಳುವಂತೆ ಹೇಳಿದ: "ಹೊಸ ಕಾಯಿದೆ ಬಂದಿದೆ. ನಿನ್ನನ್ನು ಚೆನ್ನಾಗಿ ಬಲ್ಲವರ ಸಾಕ್ಷಿ ಬೇಕು. ಇಲ್ಲದಿದ್ದರೆ ಜಾಗ ಬಿಡು. ನಿನ್ನನ್ನು ಬಲ್ಲವರು ಯಾರಿದ್ದಾರೆ?"

"ಯಾರೂ ಇಲ್ಲ ಅಂತ ನಿಮಗೆ ಹೇಗೆ ಗೊತ್ತು, ಸಾಹೇಬರೇ?" ಲಾಮುನು ಮೆಲ್ಲಗೆ ಕೇಳಿದಳು.

"ನನಗೆ ಗೊತ್ತಿಲ್ಲದ್ದು ಏನಿದೆ? ಒಂಬತ್ತು ವರ್ಷದಿಂದ ನೋಡುತ್ತಿದ್ದೇನೆ. ಹೊಳೆಯಾಚೆಯಿಂದ ಒಬ್ಬಳೇ ನಡೆದು ಬರುತ್ತೀಯ. ಮಧ್ಯಾಹ್ನ ಒಬ್ಬಳೇ ಮರಗೆಣಸು ತಿನ್ನುತ್ತೀಯ. ಗಂಡ ಸತ್ತ ವಾರವೂ ಇಲ್ಲೇ ಬಂದು ಕೂತಿದ್ದೆ, ಒಬ್ಬರೂ ಮಾತಾಡಿಸಲಿಲ್ಲ."

ಲಾಮುನು ಗುಮಾಸ್ತನ ಕಡೆ ತಿರುಗಿದಳು. "ಕೇಳಿದಿರಲ್ಲ, ಇವರಷ್ಟು ನನ್ನನ್ನು ಬಲ್ಲವರಿಲ್ಲ. ಇವರ ಹೆಸರೇ ಬರೆದುಕೊಳ್ಳಿ."

ಸಂತೆಗೆ ಸಂತೆಯೇ ನಕ್ಕಿತು, ಲಾಮುನುವೂ ನಕ್ಕಳು. ಎಲ್ಲರೆದುರು ತಾನೇ ಆಡಿದ ಮಾತನ್ನು ಅಲ್ಲಗಳೆಯಲಾಗದೆ ಒಕೆಚ್ ರುಜು ಹಾಕಿದ.

ಜಾಗ ಉಳಿಯಿತು. ಸಂಜೆ ಮನೆಯ ದಾರಿ ಹಿಡಿದಾಗ ಲಾಮುನುವಿನ ನಗು ನಿಂತಿತು. ಈ ಲೋಕದಲ್ಲಿ ಅವಳನ್ನು ಇಷ್ಟು ಬಲ್ಲವನು ಒಬ್ಬನೇ ಇದ್ದ, ಅವನೂ ಅವಳನ್ನು ಜಾಗದಿಂದ ಎಬ್ಬಿಸಲು ಬಂದವನು.