ಹುಣ್ಣಿಮೆಗೆ ಎತ್ತದ ಹಿಪ್ಪೆ

ಹೊಳೆಯ ದಂಡೆಯಲ್ಲೊಂದು ಆಶ್ರಮವಿತ್ತು. ಅಲ್ಲಿ ಜನಕ್ಕಿಂತ ಸಸಿಗಳೇ ಹೆಚ್ಚು. ಹೊಂಗೆ, ಮತ್ತಿ, ನೇರಳೆ, ಬೇಲ, ಎಲ್ಲವೂ ಕರಿ ಚೀಲಗಳಲ್ಲಿ ಸಾಲಾಗಿ ಕೂತು ಮಳೆಗಾಲವನ್ನು ಕಾಯುತ್ತಿದ್ದವು.

ಅಲ್ಲಿಯ ಗುರು ನಿರ್ವಾಣಯ್ಯನವರು ಉಪದೇಶ ಮಾಡುತ್ತಿದ್ದುದು ಕಡಿಮೆ. ಒಂದು ಕಟ್ಟಳೆ ಮಾತ್ರ ಬಿಗಿ. ಹುಣ್ಣಿಮೆಯ ಬೆಳಿಗ್ಗೆ ಪ್ರತಿ ಚೀಲವನ್ನೂ ಎತ್ತಿ ಪಕ್ಕಕ್ಕಿಡಬೇಕು. ತಳದ ತೂತಿನಿಂದ ಬೇರು ಇಣುಕಿದ್ದರೆ ಕತ್ತರಿಸಬೇಕು. ಸಸಿ ಎರಡು ದಿನ ಬಾಡುತ್ತದೆ. ಆಮೇಲೆ ಚೇತರಿಸಿಕೊಂಡು ಚೀಲದೊಳಗೇ ಎಳೆಬೇರು ಬಿಡುತ್ತದೆ.

ಶಿಷ್ಯೆ ಚೆನ್ನಾಜಮ್ಮ ಅಲ್ಲಿಗೆ ಬಂದು ಇಪ್ಪತ್ತಾರು ವರ್ಷವಾಗಿತ್ತು. ಹುಟ್ಟೂರು ಎರಡು ದಿನದ ದಾರಿ. ಕಾಲಲ್ಲಿ ಒಮ್ಮೆಯೂ ಹೋಗಿರಲಿಲ್ಲ, ಮಾತಿನಲ್ಲಿ ದಿನಕ್ಕೊಮ್ಮೆ ಹೋಗಿ ಬರುತ್ತಿದ್ದಳು. ಕೆರೆ ಏರಿಯ ಮೇಲಿನ ಹಿಪ್ಪೆ ಮರ, ನಸುಕಿನಲ್ಲಿ ಉದುರಿದ ಹೂವನ್ನು ಲಂಗದಲ್ಲಿ ಆಯ್ದುಕೊಂಡು ತಿನ್ನುತ್ತಿದ್ದ ಹುಡುಗಿಯರು, ಬೆಲ್ಲದಂಥ ಸಿಹಿ, ದಿನವಿಡೀ ಬಟ್ಟೆಗಂಟಿದ ಆ ವಾಸನೆ. ಕೇಳಿ ಕೇಳಿ ಜೊತೆಯವರಿಗೂ ಆ ಏರಿಯ ದಾರಿ ಬಾಯಿಪಾಠವಾಗಿತ್ತು.

ಒಂದು ಆಷಾಢದಲ್ಲಿ ಊರಿನವರಾರೋ ಆ ಮರದ ಏಳೆಂಟು ಬೀಜ ತಂದುಕೊಟ್ಟರು. ಹಿಪ್ಪೆ ಬೀಜ ಬಹಳ ದಿನ ತಡೆಯುವುದಿಲ್ಲ. ಅವಳು ಅಂದೇ ಊರಿದಳು. ಎರಡು ಮೊಳೆತವು. ಒಂದು ನೆಟ್ಟಗೆ ಎದ್ದಿತು. ಇನ್ನೊಂದು ಸೊಟ್ಟ. ಸೊಟ್ಟದ್ದನ್ನು ಬೇಲಿಯಾಚೆ ಗೊಬ್ಬರದ ಗುಂಡಿಯ ಬಳಿ ಇಟ್ಟು ಮರೆತಳು.

ಹುಣ್ಣಿಮೆ ಬಂತು. ನೆಟ್ಟನೆಯದನ್ನು ಎತ್ತಲು ಕೈ ಹಾಕಿದಳು. ಎಲೆ ಅಲುಗಿತು. ಪಾಪ, ಅಷ್ಟು ದೂರದಿಂದ ಬಂದದ್ದು, ಮತ್ತೆ ಎಬ್ಬಿಸುವುದೇ ಅನ್ನಿಸಿತು. ಅದೊಂದನ್ನು ಬಿಟ್ಟು ಉಳಿದವನ್ನೆಲ್ಲ ಎತ್ತಿಟ್ಟಳು.

ಸಂಜೆ ಗುರುಗಳು ಕೇಳಿದರು.

"ಎಲ್ಲ ಎತ್ತಿದೆಯೇನವ್ವ?"

"ಎತ್ತಿದೆ, ಗುರುಗಳೇ."

ಮುಂದಿನ ಹುಣ್ಣಿಮೆಗೂ ಅದೇ ಪ್ರಶ್ನೆ, ಅದೇ ಉತ್ತರ. ಹೀಗೆ ಹನ್ನೊಂದು ಹುಣ್ಣಿಮೆ ಕಳೆದವು.

ಉಳಿದ ಸಸಿಗಳು ಮೊಣಕಾಲುದ್ದ ಇದ್ದರೆ ಅವಳ ಹಿಪ್ಪೆ ಎದೆಯುದ್ದ ಬೆಳೆಯಿತು. ನಿನ್ನ ಊರಿನ ಮಗಳು ಕೂತಲ್ಲೇ ಉಣ್ಣುತ್ತಾಳೆ, ಅದಕ್ಕೇ ಈ ಮೈ ಎಂದು ಜೊತೆಯವರು ಅಣಕಿಸಿದರು. ಚೆನ್ನಾಜಮ್ಮ ನಕ್ಕಳು. ಅಣಕವೂ ಅವಳಿಗೆ ಹೊಗಳಿಕೆಯಾಗಿಯೇ ಕೇಳಿತು.

ಮೊದಲ ಮಳೆ ಬಿದ್ದ ವಾರ ಅವಳ ಚಿಕ್ಕಪ್ಪನ ಮಗ ಗುರುಮಲ್ಲಪ್ಪ ಊರಿನಿಂದ ಬಂದ. ಬೇಸಿಗೆಯ ಗಾಳಿಗೆ ಏರಿಯ ಹಿಪ್ಪೆ ಬುಡಮೇಲಾಗಿ ಬಿದ್ದಿತ್ತು. ಕಾಯಿ ಕಟ್ಟುವ ಮೊದಲೇ ಬಿದ್ದದ್ದರಿಂದ ಒಂದು ಬೀಜವೂ ಸಿಕ್ಕಿರಲಿಲ್ಲ. ಅದೇ ಜಾಗದಲ್ಲಿ ಅದರ ಮಗುವನ್ನೇ ನೆಡಬೇಕೆಂದು ಊರಿನವರು ಗುಂಡಿ ತೋಡಿಟ್ಟು ಅವನನ್ನು ಕಳಿಸಿದ್ದರು.

"ಆ ಮರದ್ದು ಅಂತ ಉಳಿದಿರೋದು ನಿನ್ನ ಹತ್ರ ಇರೋದೊಂದೇ, ಅಕ್ಕ."

ಅವಳು ಹೆಮ್ಮೆಯಿಂದ ಅವನನ್ನು ಕರೆದೊಯ್ದಳು. ಬಗ್ಗಿ ಚೀಲವನ್ನು ಎತ್ತಿದಳು. ಚೀಲ ಏಳಲಿಲ್ಲ. ಗುರುಮಲ್ಲಪ್ಪನೂ ಕೈಹಾಕಿದ. ಒಳಗೆಲ್ಲೋ ಏನೋ ಚಟ್ಟೆಂದಿತು. ಅವಳು ಅವನ ಕೈ ಹಿಡಿದು ನಿಲ್ಲಿಸಿದಳು. ಬೆರಳಿಂದ ಮಣ್ಣು ಕೆದಕಿದಳು. ಹೆಬ್ಬೆರಳು ಗಾತ್ರದ ತಾಯಿಬೇರು ಚೀಲದ ತಳ ಸೀಳಿಕೊಂಡು ನೆಲಕ್ಕೆ ಇಳಿದಿತ್ತು.

ಗುರುಗಳು ಬಂದು ನೋಡಿದರು.

"ಕತ್ತರಿಸಿದರೆ ಬದುಕುತ್ತದೆಯೇ, ಗುರುಗಳೇ?"

"ಹನ್ನೊಂದು ಸಲ ಕತ್ತರಿಸಿದ್ದರೆ ಬದುಕುತ್ತಿತ್ತು. ಒಂದೇ ಸಲಕ್ಕೆ ತಡೆಯಲಾರದು."

ಅವಳ ಕಣ್ಣು ತುಂಬಿತು.

"ತಮಗೆ ಗೊತ್ತಿತ್ತು. ಒಂದು ಮಾತು ಹೇಳಬಾರದಿತ್ತೇ?"

"ಹನ್ನೊಂದು ಸಲ ಕೇಳಿದೆನಲ್ಲವ್ವ."

ಗುರುಗಳು ಬೇಲಿಯಾಚೆ ಹೋದರು. ಬರುವಾಗ ಕೈಯಲ್ಲೊಂದು ಚೀಲವಿತ್ತು. ಅವಳು ಮರೆತ ಸೊಟ್ಟ ಹಿಪ್ಪೆ. ಮೊಣಕಾಲುದ್ದವೂ ಇರಲಿಲ್ಲ. ಚೀಲದ ತಳದಲ್ಲಿ ಹುಣ್ಣಿಮೆಗೊಮ್ಮೆ ಕತ್ತರಿಸಿದ ಬೇರಿನ ತುದಿಗಳು ಮಾಗಿದ್ದವು. ಯಾರು ಕತ್ತರಿಸಿದ್ದೆಂದು ಅವಳು ಕೇಳಲಿಲ್ಲ.

ಗುರುಮಲ್ಲಪ್ಪ ಎದೆಯುದ್ದದ ಗಿಡವನ್ನೊಮ್ಮೆ ನೋಡಿದ, ಇದನ್ನೊಮ್ಮೆ ನೋಡಿದ.

"ಇದು ಸೊಟ್ಟಗದೆಯಲ್ಲ, ಅಯ್ಯನೋರೇ."

"ಎದ್ದು ಕೂತು ರೂಢಿಯಿದೆಯಪ್ಪ. ಊರು ಮುಟ್ಟುತ್ತದೆ."

ಅವನು ಅದನ್ನು ಮಗುವಿನಂತೆ ಎದೆಗವಚಿಕೊಂಡು ಹೊರಟ. ಚೆನ್ನಾಜಮ್ಮ ಹೊಳೆಯ ತಿರುವಿನವರೆಗೂ ಜೊತೆಗೆ ನಡೆದಳು. ಗುಂಡಿ ತೋಡಿದ್ದು ಏರಿಯ ಯಾವ ಮಗ್ಗುಲಿಗೆ, ಕೆರೆಗಿಳಿಯುವ ಮೆಟ್ಟಿಲು ಇನ್ನೂ ಇವೆಯೇ ಎಂದೆಲ್ಲ ಕೇಳಿದಳು. ನೀನೂ ಬಂದು ನೋಡಬಾರದೇ ಅಕ್ಕ ಎಂದ ಅವನು. ಅವಳು ಎಲೆಯ ಮೇಲಿನ ಧೂಳು ಒರೆಸಿದಳು.

ಹಿಂತಿರುಗಿದಾಗ ಗುರುಗಳು ನೆಟ್ಟನೆಯ ಹಿಪ್ಪೆಯ ಬಳಿಯೇ ಕೂತಿದ್ದರು.

"ಇದನ್ನೇನು ಮಾಡಲಿ? ಅಲ್ಲಿಗೆ ಹೋಗಬೇಕಾಗಿದ್ದದ್ದು ಇದು."

"ಇದರ ಬೇರು ಎಲ್ಲಿದೆ?"

ಅವಳು ಚೀಲದ ಬುಡದ ನೆಲವನ್ನು ನೋಡಿದಳು. ಗುರುಗಳು ಕುಡುಗೋಲನ್ನು ಅವಳ ಕೈಗಿಟ್ಟು ಚೀಲವನ್ನು ಸೀಳೆಂದರು.

ಅವಳು ಕುಡುಗೋಲನ್ನು ಚೀಲದ ಅಂಚಿಗೆ ತಾಗಿಸಿ ಹಿಂದೆಗೆದಳು.

"ಇನ್ನೊಂದು ದಿನ ಹೀಗೇ ಇರಲಿ, ಗುರುಗಳೇ. ಚೀಲದಲ್ಲಿ ಇರುವವರೆಗೆ, ಎಂದಾದರೂ ಹೋದೀತು ಅನ್ನಿಸುತ್ತದೆ."

"ಗಿಡ ಚೀಲವನ್ನು ಬಿಟ್ಟು ಎಷ್ಟೋ ದಿನವಾಯಿತವ್ವ. ಇನ್ನೂ ಹಿಡಿದುಕೊಂಡಿರುವವಳು ನೀನು."