ಮೊದಲು ಉಂಡವರು

ಹಳ್ಳದ ದಂಡೆ ಕುಸಿದು, ಲಕ್ಷಾಂತರ ವರ್ಷ ಹಳೆಯ ಕಾಡೆಮ್ಮೆಯ ಮೂಳೆಯೂ ಪಕ್ಕದಲ್ಲೇ ಆದಿಮಾನವ ಕೆತ್ತಿದ ಚೂಪಾದ ಕಲ್ಲಿನ ಚಕ್ಕೆಯೊಂದೂ ಹೊರಬಿದ್ದವು. ಅಲ್ಲಿಗೆ ಬಂದ ಕತ್ತೆಕಿರುಬ ನಕ್ಕಿತು.

"ಎಲೈ ಚಕ್ಕೆ, ನಿನ್ನನ್ನು ಹಿಡಿದ ಮನುಷ್ಯ ನಮ್ಮ ಎಂಜಲು ತಿಂದು ಬದುಕಿದವನು. ಈ ಮೂಳೆಯ ಮೇಲೆ ನನ್ನ ಹಿರಿಯರ ಹಲ್ಲಿನ ಗುರುತಿದೆ!"

"ಎಲ್ಲಿ, ತೋರಿಸಣ್ಣ," ಎಂದಿತು ಚಕ್ಕೆ.

ಕಿರುಬ ಹೆಮ್ಮೆಯಿಂದ ಎಲ್ಲಕ್ಕಿಂತ ಆಳವಾದ ಕುಳಿಯ ಮೇಲೆ ಉಗುರಿಟ್ಟಿತು. ಆಗ ಮೂಳೆಯೇ ಮಾತಾಡಿತು.

"ಅಲ್ಲೇ ನೇರವಾದ ಗೀರೊಂದಿದೆ, ನೋಡು. ಈ ಚಕ್ಕೆ ನನ್ನ ಮಾಂಸ ಕೊಯ್ದಾಗ ಬಿದ್ದದ್ದು. ನಿನ್ನವರ ಹಲ್ಲು ಆ ಗೀರಿನ ಮೇಲೇ ಊರಿ ಅದನ್ನು ಅರ್ಧ ಅಳಿಸಿದೆ. ಗೀರು ಮೊದಲೇ ಇರದಿದ್ದರೆ ಅಳಿಸಿದ್ದು ಏನನ್ನು? ಈಗ ಹೇಳು, ಎಂಜಲು ತಿಂದವರು ಯಾರು?"

ಕಿರುಬ ಉಗುರನ್ನು ಮೆಲ್ಲಗೆ ಹಿಂದಕ್ಕೆಳೆದುಕೊಂಡಿತು. ಚಕ್ಕೆ ಬಿಸಿಲಿಗೆ ಫಳಫಳ ಹೊಳೆಯಿತು.

"ಅಣ್ಣಾ, ಆ ಗುರುತನ್ನು ಇನ್ನೊಮ್ಮೆ ತೋರಿಸು!"